ಕಣವೋ ಕಮಾನೋ

ಮೋಟೆಬೆನ್ನೂರಿನ ಹಿತದೃಷ್ಟಿಯಿಂದಲೂ ಒಟ್ಟು ದೇಶದ ಹಿತದೃಷ್ಟಿಯಿಂದಲೂ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು 2007ರ ಡಿಸೆಂಬರಿನಲ್ಲಿ ಉದ್ಭವಿಸಿತು: ರಾಣೆಬೆನ್ನೂರಿನಿಂದ ಬಂದ ಸಿಮೆಂಟಿನ ಚೀಲಗಳನ್ನು ಎಲ್ಲಿ ಇಳಿಸಬೇಕು?

ಪ್ರಶ್ನೆಯ ಮೂಲ ಪತ್ರಿಕೆಯಲ್ಲಿತ್ತು. ದೇಶ ತಾನು ದುಡಿದುದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ತಿಂದು ತೇಗದೆ ಹೂಡುತ್ತಿದೆ, ಅದಕ್ಕೇ ಮುಂದೆ ಬರುತ್ತಿದೆ ಎಂದು ಯಾರೋ ಬರೆದಿದ್ದರು. ಅಂದಾನೆಪ್ಪ ಅದನ್ನು ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿ, ಸಾಲದೆಂದು ಮನೆಗೆ ಬಂದು ಹೆಂಡತಿ ಫಕ್ಕೀರವ್ವನಿಗೂ ಓದಿದ.

"ಈ ವರ್ಷ ನಾವೂ ಮೂರರಾಗ ಒಂದ ಪಾಲು ಹೂಡೂಣು."

"ಹೂಡಾಕ ಎತ್ತೆಲ್ಲದಾವು? ಹೋದ ವರ್ಷನ ಮಾರೀರಿ," ಎಂದಳು ಫಕ್ಕೀರವ್ವ. ಅವಳಿಗೆ ಗೊತ್ತಿದ್ದ ಹೂಡುವುದು ಒಂದೇ: ಎತ್ತಿನ ಹೆಗಲಿಗೆ ನೊಗವಿಟ್ಟು ಗಳೆ ಹೂಡುವುದು.

"ಎತ್ತಲ್ಲ ಹುಚ್ಚಿ, ಬಂಡವಾಳ! ಮನೀ ಮುಂದ ಕಮಾನ ಕಟ್ಟಸ್ತೀನಿ. ಕಟ್ಟಡಾನೂ ಹೂಡಿಕೇನ ಅಂತ ಬರದಾರ."

ಬರೆದದ್ದು ಸುಳ್ಳಲ್ಲ, ಲೆಕ್ಕ ಹಾಕುವವರಿಗೆ ಕಮಾನೂ ಒಂದೇ, ಕಾರ್ಖಾನೆಯೂ ಒಂದೇ. ಆದರೆ ಅಂದಾನೆಪ್ಪನ ಕಣ್ಣಿದ್ದದ್ದು ಎದುರು ಮನೆಯ ಪ್ರಭುಲಿಂಗಪ್ಪನ ಕಮಾನಿನ ಮೇಲೆ. ಅದರ ನೆತ್ತಿಯಲ್ಲಿ ಸಿಮೆಂಟಿನ ನವಿಲುಗಳೆರಡು ಜಗಳಾಡಿದವರ ಹಾಗೆ ಬೆನ್ನು ತಿರುಗಿಸಿ ಕೂತಿದ್ದವು.

ಫಕ್ಕೀರವ್ವನ ಕಣ್ಣಿದ್ದದ್ದು ಹೊಲದ ಕಣದ ಮೇಲೆ. ಹೋದ ಸುಗ್ಗಿಯಲ್ಲಿ ಆ ಮಣ್ಣಿನ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಅಕಾಲದ ಮಳೆಗೆ ತಳದಲ್ಲಿ ತೇವ ಹಿಡಿದು ಬೆಳ್ಳಗಾಗಿತ್ತು. ಬ್ಯಾಡಗಿ ಪೇಟೆಯಲ್ಲಿ ಖರೀದಿದಾರ ಒಂದು ಹಿಡಿ ಎತ್ತಿ ನೋಡಿ, ಮತ್ತೆ ಚೀಲಕ್ಕೆ ಸುರುವಿ, ಮಾತಿಲ್ಲದೆ ಮುಂದಿನ ರಾಶಿಗೆ ನಡೆದುಬಿಟ್ಟಿದ್ದ. ಬೈದಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳು. ಈಗ ಹೊಸ ಬೆಳೆ ಗಿಡದಲ್ಲಿ ಕೆಂಪೇರುತ್ತಿತ್ತು. ಗಚ್ಚಿನ ಕಣವಾಗದಿದ್ದರೆ ಇದಕ್ಕೂ ಅದೇ ಗತಿ.

"ಕಣಕ್ಕ ಗಚ್ಚು ಹಾಕಸ್ರಿ."

"ಕಣಾ ಯಾರ ನೋಡತಾರ?"

"ಬ್ಯಾಡಗಿಯಾಂವ ನೋಡತಾನ."

"ಅರ್ಥಶಾಸ್ತ್ರ ನಿನಗ ತಿಳಿಯಂಗಿಲ್ಲ ಬಿಡು," ಎಂದ ಅಂದಾನೆಪ್ಪ. ಅವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಸಿಮೆಂಟು, ಉಸುಕು, ಜಲ್ಲಿಕಲ್ಲಿನ ಕಡಿ ಎಲ್ಲ ಬಂದ ದಿನ ಅವನು ಹಾವೇರಿ ಕೋರ್ಟಿನ ತಾರೀಖಿಗೆ ಹೋಗಿದ್ದ. ಟ್ರ್ಯಾಕ್ಟರಿನ ಚಮನಸಾಬ ಮನೆ ಮುಂದೆ ನಿಲ್ಲಿಸಿ ಕೇಳಿದ:

"ಯಕ್ಕಾ, ಇಲ್ಲೇ ಇಳಸ್ಲ್ಯಾ?"

"ಹೊಲಕ್ಕ ಹೊಡಿ. ಕಣದಾಗ ಇಳಸು."

"ಅಣ್ಣಾರು ಮನೀ ಮುಂದ ಅಂದಿದ್ರಲ್ಲ?"

"ಹಂಗಾರ ಹಾವೇರಿಗೆ ಹೋಗಿ ಅಣ್ಣಾರನ್ನ ಕೇಳ್ಕೊಂಡ ಬಾ."

ಚಮನಸಾಬ ಡೀಸೆಲ್ಲಿನ ಮೇಲೆ ಜೀವವಿಟ್ಟ ಮನುಷ್ಯ. ಹೊಲದ ಕಡೆ ತಿರುಗಿಸಿದ. ಕಮಾನು ಕಟ್ಟಲು ಬಂದಿದ್ದ ಗೌಂಡಿ ಹೊಳಿಯಪ್ಪನೂ ಸಲಿಕೆ ಹೊತ್ತು ಹಿಂದೆ ನಡೆದ. ಸಿಮೆಂಟು ಇದ್ದಲ್ಲಿ ಗೌಂಡಿ.

ಸುದ್ದಿ ಅಂದಾನೆಪ್ಪನನ್ನು ಬಸ್ಸಿಳಿದಲ್ಲೇ ಹಿಡಿಯಿತು. ಅವನು ಏದುಸಿರು ಬಿಡುತ್ತ ಕಣಕ್ಕೆ ಬಂದಾಗ ಮೊದಲ ಚೀಲಗಳು ಒಡೆದು, ಉಸುಕು, ಕಡಿಯ ಜೊತೆ ಬೆರೆತು, ನಡುವೆ ಗುಂಡಿ ಮಾಡಿಸಿಕೊಂಡು ನೀರಿಗಾಗಿ ಕಾಯುತ್ತಿದ್ದವು. ಫಕ್ಕೀರವ್ವ ತುಂಬಿದ ಕೊಡ ಹಿಡಿದು ನಿಂತಿದ್ದಳು.

"ಹೇರ್ರಿ! ಉಳದದ್ದೆಲ್ಲಾ ವಾಪಸ್ ಹೇರ್ರಿ!"

"ಹೇರೂದಕ್ಕ ಬ್ಯಾರೆ ಬಾಡಗಿ ಆಗತೈತ್ರಿ," ಎಂದ ಚಮನಸಾಬ.

"ಹೂಡತೇನಿ ಹೂಡತೇನಿ ಅಂತೀರಿ," ಎಂದಳು ಫಕ್ಕೀರವ್ವ. "ಹೂಡಿದ ಗಳೆ ಮುಂದ ಹೋಗಬೇಕ ಹೌದಿಲ್ಲೊ? ನಿಮ್ಮ ಕಮಾನ ಎಲ್ಲಿಗೆ ಹೊಂಟೈತಿ? ಅದರ ಬುಡಕ ನೀವ ಹೋಗೂದು, ನೀವ ಬರೂದು."

ಚಮನಸಾಬ ನಗು ಮರೆಸಲು ಟ್ರ್ಯಾಕ್ಟರಿನ ಗಾಲಿ ನೋಡತೊಡಗಿದ.

"ನನ್ನ ಮಾತಿಗೆ ಮನ್ಯಾಗ ಕಿಮ್ಮತ್ತ ಇಲ್ಲೇನ?"

"ಮನ್ಯಾಗ ಐತ್ರಿ. ಇದು ಹೊಲ."

"ನೀರ ಹಾಕಿದ್ರ ನೋಡ ಮತ್ತ!"

ಅವಳು ಗಂಡನ ಮುಖ ನೋಡುತ್ತಲೇ ಕೊಡ ಬಗ್ಗಿಸಿದಳು. ನೀರು ಬೂದಿ ಬಣ್ಣದ ಗುಂಡಿಯೊಳಗೆ ಗುಳುಗುಳು ಇಳಿಯಿತು. ಕೊಡ ಖಾಲಿಯಾದ ಮೇಲೂ ಅವಳು ಅದನ್ನು ಇಳಿಸಲಿಲ್ಲ.

"ಯಜಮಾನ್ರ, ಲಗೂ ಹೇಳ್ರಿ," ಎಂದ ಹೊಳಿಯಪ್ಪ. "ನೀರ ಕುಡದೈತಿ. ಇನ್ನ ಯಾರ ಮಾತೂ ಕೇಳಂಗಿಲ್ಲ."

ಯಾರನ್ನು ಕುರಿತು ಹೇಳಿದೆ ಎಂದು ಅಂದಾನೆಪ್ಪ ಕೇಳಲಿಲ್ಲ. ರುಮಾಲಿನಿಂದ ಮುಖ ಒರೆಸಿಕೊಂಡು, ಇದೆಲ್ಲ ತನ್ನದೇ ಯೋಜನೆ ಎಂಬ ಗತ್ತಿನಲ್ಲಿ ಗದರಿದ:

"ನೋಡ್ಕೋತ ನಿಂತೀಯಲ್ಲೋ! ನೀರ ನಿಲ್ಲದಂಗ ಇಳುಕಲ ಇಟ್ಟ ಹಾಕು."

ಕಣ ಆಯಿತು. ಕಮಾನು ಆಗಲಿಲ್ಲ. ಮಾರ್ಚಿನಲ್ಲಿ ಮೆಣಸಿನಕಾಯಿ ಗಚ್ಚಿನ ಮೇಲೆ ಒಣಗಿ ಬ್ಯಾಡಗಿಯಲ್ಲಿ ಮಾರಾಟವಾಯಿತು.