ಎಂಟಕ್ಕನ ನೋಟ್‌ಬುಕ್

ಸೈನ್ಯದ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಆವರಣಕ್ಕೆ ಕಾಲಿಟ್ಟ ದಿನವೇ ಹುಡುಗಿಯರ ಹೆಸರು ಹೋಗಿ ನಂಬರು ಬಂದಿತ್ತು. ಎದೆಗೂ ಬೆನ್ನಿಗೂ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಕಪ್ಪು ಅಂಕಿ. ಐದು ದಿನ ಅದೇ ಊರು, ಅದೇ ಮನೆತನ.

ಹನ್ನೊಂದನೇ ನಂಬರಿನವಳು ಬೀಗ ರಿಪೇರಿ ಮಾಡುವವನ ಮಗಳು. ತಾಯಿ ತೀರಿಹೋದ ಮೇಲೆ ಅಪ್ಪನ ಅಂಗಡಿಯಲ್ಲೇ ಬೆಳೆದವಳು. ಎಂಥ ಗಟ್ಟಿ ಬೀಗವನ್ನೂ ಅಪ್ಪ ತಂತಿ ತೂರಿಸಿ ಎರಡೇ ನಿಮಿಷದಲ್ಲಿ ತೆಗೆಯುವುದನ್ನು ನೋಡಿ ನೋಡಿ, ಯಾವುದನ್ನೂ ಸುಲಭಕ್ಕೆ ನಂಬುವ ಜಾಯಮಾನ ಅವಳದಾಗಿರಲಿಲ್ಲ. ಸಾಲದ್ದಕ್ಕೆ ತರಬೇತಿಯ ಮೇಷ್ಟ್ರು ಬೇರೆ ಕಿವಿಯೂದಿ ಕಳಿಸಿದ್ದರು: ಅಲ್ಲಿ ಊಟ ಬಡಿಸುವವನೂ ನಿಮ್ಮನ್ನು ಗಮನಿಸುತ್ತಿರುತ್ತಾನೆ, ಮೈಯೆಲ್ಲ ಕಣ್ಣಾಗಿರಿ.

ಅವಳ ಗುಂಪಿನಲ್ಲಿ ಏಳು ಜನ. ಎಲ್ಲರಿಗಿಂತ ದೊಡ್ಡವಳು ಎಂಟನೇ ನಂಬರಿನವಳು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ವಯಸ್ಸು ನೋಡಿ ಉಳಿದವರು ಅವಳನ್ನು ಎಂಟಕ್ಕ ಎನ್ನುತ್ತಿದ್ದರು. ಈ ಎಂಟಕ್ಕನಿಗೆ ಎಲ್ಲರ ಮನೆ ಸುದ್ದಿಯೂ ಬೇಕು. ಅಪ್ಪ ಏನು ಮಾಡುತ್ತಾರೆ, ತಮ್ಮ ಯಾವ ಕ್ಲಾಸು, ರಾತ್ರಿ ನಿದ್ದೆ ಬಂತೇ? ಕುಡಿಯುವ ನೀರು ಎಲ್ಲಿದೆ, ಯಾವ ಬಚ್ಚಲಿನ ಚಿಲಕ ಸಡಿಲ ಎಂಬುದೆಲ್ಲ ಅವಳಿಗೆ ಬಂದ ದಿನವೇ ಗೊತ್ತು. ಹಗ್ಗ ಹತ್ತುವ ಪರೀಕ್ಷೆಯಲ್ಲಿ ಜಾರಿ ಬಿದ್ದಾಗಲೂ ಮುಖ ಸಪ್ಪಗಾಗಲಿಲ್ಲ. ಸಂಜೆಯಾದರೆ ಮಂಚದ ಮೇಲೆ ಕೂತು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾಳೆ, ಯಾರಾದರೂ ಹತ್ತಿರ ಬಂದರೆ ಮುಚ್ಚಿಬಿಡುತ್ತಾಳೆ. ಇವಳು ಪರೀಕ್ಷೆಗೆ ಬಂದವಳಲ್ಲ, ಮಂಡಳಿಯವರೇ ನಮ್ಮ ನಡುವೆ ಬಿಟ್ಟವಳು ಎಂದು ಮೂರನೇ ದಿನಕ್ಕೇ ಹನ್ನೊಂದನೆಯವಳ ತಲೆಗೆ ಹೊಕ್ಕಿತು.

ಐದನೇ ದಿನ ಬೆಳಿಗ್ಗೆ ಒಬ್ಬೊಬ್ಬರೇ ಎಲ್ಲ ಅಧಿಕಾರಿಗಳ ಮುಂದೆ ಎರಡು ನಿಮಿಷ ಕೂತು ಬರಬೇಕಿತ್ತು. ಮಧ್ಯಾಹ್ನ ಫಲಿತಾಂಶ. ಹನ್ನೊಂದನೆಯವಳ ಗ್ರಹಚಾರಕ್ಕೆ ಮೆಟ್ಟಿಲು ಹತ್ತುವಾಗಲೇ ಬೂಟಿನ ಹಿಮ್ಮಡಿ ಕಿತ್ತುಬಂತು. ಆಗಷ್ಟೇ ಒಳಗಿನಿಂದ ಬಂದಿದ್ದ ಎಂಟಕ್ಕ ಅದನ್ನು ನೋಡಿ ತನ್ನ ಬೂಟು ಬಿಚ್ಚಿ ಮುಂದೆ ಇಟ್ಟಳು. ಇಬ್ಬರ ಅಳತೆಯೂ ಒಂದೇ. ಹನ್ನೊಂದನೆಯವಳು ಬೂಟನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. ಇದೂ ಒಂದು ಪರೀಕ್ಷೆಯೇ ಇರಬೇಕು ಎನ್ನಿಸಿತು. ಬೇಡ ಎಂದು, ಕುಂಟಿಕೊಂಡೇ ಒಳಗೆ ಹೋದಳು.

ನಡುವೆ ಕೂತಿದ್ದ ನರೆಗೂದಲಿನ ಅಧಿಕಾರಿ ಅವಳ ಕಾಲನ್ನೇ ನೋಡಿದರು. "ನಿಮ್ಮ ಗುಂಪಲ್ಲಿ ಯಾರೂ ಬೂಟು ಕೊಡಲಿಲ್ವಾ?"

"ನಾನು ಯಾರನ್ನೂ ಕೇಳಲಿಲ್ಲ ಸರ್," ಎಂದಳು. ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ ಎಂಬುದು ಬಾಗಿಲು ದಾಟುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಆಮೇಲೆ ಕಾಯುವ ಕೆಲಸ. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಗೋಡೆ ಗಡಿಯಾರ. ಒಬ್ಬಳು ಉಗುರು ಕಚ್ಚುತ್ತಿದ್ದಳು, ಇನ್ನೊಬ್ಬಳು ಮಡಿಸಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದಳು. ಎಂಟಕ್ಕ ಮುಖ ತೊಳೆಯಲು ಹೋದಳು. ನೋಟ್‌ಬುಕ್ ದಿಂಬಿನ ಪಕ್ಕದಲ್ಲೇ ಉಳಿದಿತ್ತು.

ಹನ್ನೊಂದನೆಯವಳು ತಡೆಯಲಾರದೆ ತೆರೆದಳು. ಪುಟಕ್ಕೊಂದು ನಂಬರು. ಅವಳದೂ ಇತ್ತು: "ತಂದೆ ಬೀಗ ರಿಪೇರಿ. ತಾಯಿ ಇಲ್ಲ. ಮಾತು ಕಮ್ಮಿ, ಗೋಡೆ ಹತ್ತೋದ್ರಲ್ಲಿ ಚುರುಕು." ತನ್ನ ಅನುಮಾನ ನಿಜವಾಯಿತಲ್ಲ ಎಂಬ ಒಂದು ಬಗೆಯ ಗೆಲುವು ಅವಳಿಗಾಯಿತು. ಉಳಿದ ಐವರನ್ನು ಕರೆದು ತೋರಿಸಿ, ಮತ್ತೆ ದಿಂಬಿನ ಪಕ್ಕದಲ್ಲೇ ಇಟ್ಟಳು. ಎಂಟಕ್ಕ ಒದ್ದೆ ಮುಖದಲ್ಲಿ ವಾಪಸು ಬಂದಳು. ಅವಳು ಏನೋ ಕೇಳಿದಳು, ಯಾರೂ ಉತ್ತರ ಕೊಡಲಿಲ್ಲ. ಇನ್ನೇನೋ ಕೇಳಿದಳು, ಎಲ್ಲರೂ ಕಿಟಕಿ ನೋಡಿದರು. ಫಲಿತಾಂಶದ ತನಕ ಒಂದು ಗಂಟೆ ಅವಳು ತನ್ನ ಮಂಚದ ತುದಿಯಲ್ಲಿ ಒಬ್ಬಳೇ ಕೂತಿದ್ದಳು.

ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದು ಏರಿಳಿತವಿಲ್ಲದ ದನಿಯಲ್ಲಿ ಎರಡು ನಂಬರು ಓದಿದರು. ಒಂದು ಹನ್ನೊಂದು. ಎಂಟು ಇರಲಿಲ್ಲ. ಇರುವುದಾದರೂ ಹೇಗೆ, ಅವಳು ಅವರ ಕಡೆಯವಳೇ ತಾನೇ ಎಂದುಕೊಂಡಳು ಹನ್ನೊಂದನೆಯವಳು.

ಆದರೆ ಅಂಗಳಕ್ಕೆ ಬಂದರೆ, ಆಯ್ಕೆಯಾಗದವರನ್ನು ಸ್ಟೇಷನ್ನಿಗೆ ಒಯ್ಯುವ ವ್ಯಾನಿನ ಸಾಲಿನಲ್ಲಿ ಎಂಟಕ್ಕ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಕಣ್ಣು ಕೆಂಪಗಿತ್ತು. ಹನ್ನೊಂದನೆಯವಳ ಕಾಲು ತಾನಾಗಿಯೇ ಅತ್ತ ನಡೆಯಿತು. ನೋಟ್‌ಬುಕ್ಕಲ್ಲಿ ನಮ್ಮ ವಿಷಯ ಯಾಕೆ ಬರೆದುಕೊಂಡಿರಿ ಎಂದು ನೇರವಾಗಿ ಕೇಳಿಬಿಟ್ಟಳು.

ಎಂಟಕ್ಕ ಸೂಟ್‌ಕೇಸ್ ಕೆಳಗಿಟ್ಟಳು. "ಹಿಂದೆ ಎರಡು ಸಲ ಇಲ್ಲಿಗೇ ಬಂದಿದ್ದೆ. ಯಾರ ಜೊತೆನೂ ಬೆರೆಯಲ್ಲ ಅಂತ ವಾಪಸ್ ಕಳಿಸಿದ್ರು. ನಾನು ದನಗಳ ಜೊತೆ ಇರೋಳು, ಜನರ ಜೊತೆ ಮಾತಾಡೋಕೆ ಬರಲ್ಲ. ಅದಕ್ಕೇ ಯಾರ ಹತ್ರ ಏನು ಕೇಳಬೇಕು ಅಂತ ಬರ್ಕೊಳ್ತಿದ್ದೆ." ಆಮೇಲೆ ಕೇಳಿದಳು, "ಎಲ್ಲರೂ ಒಟ್ಟಿಗೆ ಮಾತು ಬಿಟ್ರಲ್ಲ, ಅದು ನಿನ್ನಿಂದಾನಾ?"

"ಹೂಂ ಅಕ್ಕ. ನಾನೇ ತೋರಿಸಿದ್ದು. ನೀವು ಅವರ ಕಡೆಯವರು ಅನ್ಕೊಂಡೆ."

"ನಾವೆಲ್ಲ ಒಳಗೆ ಹೋಗಿ ಬಂದ ಮೇಲೆ ತಾನೇ?"

"ಆಮೇಲೇ."

"ಹಾಗಾದ್ರೆ ಈ ಸಲದ ಆಯ್ಕೆ ನಿನ್ನಿಂದ ತಪ್ಪಿದ್ದಲ್ಲ ಬಿಡು," ಎಂದು ಎಂಟಕ್ಕ ವ್ಯಾನು ಹತ್ತಿದಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

ಒಳಗೆ ಅಧಿಕಾರಿ ಬೂಟಿನ ಬಗ್ಗೆ ಕೇಳಿದ್ದನ್ನೂ, ತಾನು ಕೊಟ್ಟ ಉತ್ತರವನ್ನೂ ಹೇಳಲು ಹನ್ನೊಂದನೆಯವಳು ಬಾಯಿ ತೆರೆದಳು. ಅಷ್ಟರಲ್ಲಿ ವ್ಯಾನು ಹೊರಟಿತು. ಹೊರಡದಿದ್ದರೆ ಹೇಳುತ್ತಿದ್ದಳೋ ಇಲ್ಲವೋ, ಆ ವಿಷಯದಲ್ಲಿ ಅವಳಿಗೆ ತನ್ನ ಮೇಲೂ ನಂಬಿಕೆ ಬರಲಿಲ್ಲ. ಆಯ್ಕೆಯಾದವರ ವೈದ್ಯಕೀಯ ತಪಾಸಣೆಗೆ ಹೊತ್ತಾಯಿತೆಂದು ಯಾರೋ ಕೂಗಿದರು. ಅವಳು ಗೇಟಿನ ಕಡೆ ನೋಡುತ್ತ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತಳು.