ಫಕೀರವ್ವ ತುಂಬಬೇಕಿದ್ದ ಉಡಿ

ನಮ್ಮವರು ಕೆಟ್ಟವರಲ್ಲ, ಅಂಜುಬುರುಕರು. ಹಗ್ಗ ಕಂಡರೂ ಹಾವೆನ್ನುವ ಜೀವ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ತಗಡಿನ ಸೂರಿನ ಸಣ್ಣ ಚರ್ಚಿಗೆ ಅವರು ಪಾಸ್ಟರ್, ಹೆಸರು ದಾನಿಯೇಲಪ್ಪ. ಪರದೇಶದವರು ಬರುತ್ತಾರೆಂದರೆ ಸಾಕು, ಅವರಿಗೆ ಏನು ಹಿಡಿಸುತ್ತದೋ ಏನು ಹಿಡಿಸದೋ ಎಂದು ಇವರ ಊಟ ನಿದ್ದೆ ಹಾರಿಹೋಗುತ್ತದೆ.

೨೦೦೯ರ ದಸರೆಯ ಬೆನ್ನಿಗೇ ಸುರಿದ ಮಳೆಗೆ ಹತ್ತಿರದ ಸುಳ್ಳ ಗ್ರಾಮದ ಹಳ್ಳ ಆ ಊರೊಳಗೆ ನುಗ್ಗಿತು. ಆಗ ಸಹಾಯಕ್ಕೆಂದು ಜಪಾನಿನಿಂದ ಕೆಲವರು ನಮ್ಮ ಚರ್ಚಿಗೆ ಬಂದರು. ಅವರಲ್ಲಿ ಯುಕಿಕೊ ಕೋಬೆ ಪಟ್ಟಣದವಳು. ಅಲ್ಲಿ ಭೂಕಂಪವಾದಾಗ ಗುರುತು ಪರಿಚಯವಿಲ್ಲದ ಪರದೇಶದ ಕ್ರೈಸ್ತರು ಬಂದು ಅವಳ ಬಿದ್ದ ಮನೆಯ ಮಣ್ಣು ತೆಗೆದಿದ್ದರಂತೆ. ಅವಳ ಪುಟ್ಟ ಚರ್ಚು ಮತ್ತೆ ಎದ್ದು ನಿಲ್ಲುವ ತನಕ ಜೊತೆಗಿದ್ದರಂತೆ. ಅದಕ್ಕೇ ತಾನೂ ಬಂದೆ ಎಂದಳು.

ಸುಳ್ಳದಲ್ಲಿ ಅವಳು ಹಿಡಿದದ್ದು ಫಕೀರವ್ವನ ಮನೆ. ದಸರೆಗೆ ತವರಿಗೆ ಬಂದಿದ್ದ ಮಗಳು ಕಾವೇರಿಯನ್ನು ಹಳ್ಳ ಎಳೆದುಕೊಂಡು ಹೋಗಿತ್ತು. ಹೆಣ ಸಿಕ್ಕಿರಲಿಲ್ಲ. ಕನ್ನಡದ ಒಂದಕ್ಷರ ಬಾರದ ಯುಕಿಕೊ ದಿನವಿಡೀ ಆ ಮನೆಯ ಎರೆಮಣ್ಣಿನ ರಾಡಿ ಬಳಿದಳು. ರಾಡಿಯಲ್ಲಿ ಹೂತಿದ್ದ ಟ್ರಂಕಿನಲ್ಲಿ, ಮಗಳನ್ನು ಕಳಿಸುವಾಗ ಉಡಿ ತುಂಬಲೆಂದು ತಂದಿಟ್ಟಿದ್ದ ಕುಪ್ಪಸದ ಖಣ ಸಿಕ್ಕಿತು. ಅದನ್ನು ತೊಳೆದು, ಒಣಗಿಸಿ, ಮಡಚಿ, ಎರಡೂ ಕೈಯಿಂದ ತಾಯಿಗೆ ಕೊಟ್ಟಳು. ಅಂದೇ ಫಕೀರವ್ವ ಮೊದಲ ಸಲ ಬಾಯಿಬಿಟ್ಟು ಅತ್ತದ್ದು.

ಹೊರಡುವ ದಿನ ವ್ಯಾನಿನ ಹತ್ತಿರ ಫಕೀರವ್ವ ಅಕ್ಕಿ ಕೇರುವ ಬಿದಿರಿನ ಮರ ಹಿಡಿದು ಬಂದಳು. ಅದರಲ್ಲಿ ಅದೇ ಖಣ, ಕೊಬ್ಬರಿ ಬಟ್ಟಲು, ನಾವೇ ಹಂಚಿದ್ದ ಅಕ್ಕಿ.

"ಕಾವೇರಿ ಉಡಿ ತುಂಬಿಸಿಕೊಳ್ಳದ ಹೋದ್ಲು. ಇಕಿಗರ ತುಂಬಿ ಕಳಸ್ತೇನ್ರಿ" ಎಂದಳು.

ನಮ್ಮವರು ಅಡ್ಡ ಬಂದರು. "ಬ್ಯಾಡವ್ವಾ, ಇದು ಅವರಿಗೆ ನಡಿಯಂಗಿಲ್ಲ." ಯುಕಿಕೊಳಿಗೆ ಇಂಗ್ಲಿಷಿನಲ್ಲಿ, ಇದು ಇವರ ದೇವಿಯ ಪೂಜೆ, ಕೈಮುಗಿದು ಬಂದುಬಿಡಿ ಎಂದರು. ಪಾಪ, ಅವಳು ಸೊಂಟ ಬಗ್ಗಿಸಿ ಕೈಮುಗಿದು ವ್ಯಾನ್ ಹತ್ತಿದಳು.

ನನಗೆ ಮೈಯೆಲ್ಲ ಉರಿಯಿತು. "ಇದರಾಗ ಯಾವ ದೇವಿ ಅದಾಳ್ರಿ? ನಮ್ಮವ್ವ ನನಗ ಉಡಿ ತುಂಬಿ ಕಳಿಸಿರಲಿಲ್ಲೇನು?"

"ಸುಮ್ನಿರು. ಅವರು ಫೋಟೋ ತಗಿಯಾಕತ್ತಾರ. ನಾಳೆ ಅವರ ಚರ್ಚಿನ್ಯಾಗ ನೋಡಿದವರು ನಮಗೇನಂತಾರ?"

ಫಕೀರವ್ವ ಕೇಳಿಸಿಕೊಂಡಳು. "ನೀವು ಕೊಟ್ಟದ್ದು ನಾವು ತಗೋಬೇಕು. ನಾವು ಕೊಟ್ಟದ್ದು ನೀವು ಮುಟ್ಟಂಗಿಲ್ಲ. ಹಂಗೇನ್ರಿ?"

ವ್ಯಾನ್ ಹೊರಟಿತು. ಊರು ದಾಟುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಗಂಡ ಕಣ್ಣು ಕೆಂಪಗೆ ಮಾಡಿದರೂ ಬಿಡದೆ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಯುಕಿಕೊಳಿಗೆ ಹೇಳಿದೆ. ಅದು ಪೂಜೆಯಲ್ಲ, ತಾಯಿ ಮಗಳಿಗೆ ಮಾಡುವುದು ಎಂದೆ. ಅವಳು ವ್ಯಾನ್ ನಿಲ್ಲಿಸಿ, ಇಳಿದು, ರಾಡಿಯಲ್ಲೇ ಹಿಂದಕ್ಕೆ ಓಡಿದಳು. ಹಿಂದೆ ನಾನು, ನನ್ನ ಹಿಂದೆ ನಮ್ಮವರು.

ಫಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಮರ ಖಾಲಿಯಾಗಿತ್ತು. ಯುಕಿಕೊ ಅವಳೆದುರು ನಿಂತು, ಅಳುತ್ತಲೇ ರೇನ್‌ಕೋಟಿನ ಅಂಚನ್ನು ಎರಡೂ ಕೈಯಿಂದ ಒಡ್ಡಿದಳು.

"ಉಡಿಗಂತ ಎತ್ತಿದ್ದನ್ನ ತಿರುಗಿ ಒಳಗ ಇಡಾಕ ಮನಸಾಗಲಿಲ್ಲವ್ವಾ" ಎಂದಳು ಫಕೀರವ್ವ. "ಹಳ್ಳಕ್ಕ ಬಿಟ್ಟು ಬಂದ್ನಿ. ನನ್ನ ಮಗಳು ಅಲ್ಲೇ ಅದಾಳಲ್ಲ."

ಎದ್ದು ಯುಕಿಕೊಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಡ್ಡಿದ ಅಂಚನ್ನು ಕೆಳಗಿಳಿಸಿದಳು. "ಖಾಲಿ ಉಡಿ ಒಡ್ಡಿ ನಿಂದ್ರಬಾರದು. ಹೋಗು." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏನಂದಳು ಎಂದು ಯುಕಿಕೊ ನನ್ನನ್ನು ಕೇಳಿದಳು. ನಾನು ನಮ್ಮವರ ಕಡೆ ತಿರುಗಿದೆ.

"ನೀವ ಹೇಳ್ರಿ. ಮೊದಲ ಹೇಳಿದವರೂ ನೀವ ಅಲ್ಲೇನು?"

ಯುಕಿಕೊ ನಮ್ಮವರ ಮುಖವನ್ನೇ ನೋಡುತ್ತ ನಿಂತಿದ್ದಳು.