ಮೂಡಲಗಿರಿಯಪ್ಪನವರ ಸೂಜಿ

ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಆ ಮೆಡಿಕಲ್ ಸ್ಟೋರಿಗೆ ಮೂಡಲಗಿರಿಯಪ್ಪನವರು ಬಂದರೆಂದರೆ, ಕ್ಯೂ ಎಂಬುದು ಮಿಕ್ಕ ಬಡಪಾಯಿಗಳಿಗೆ ಮಾತ್ರ. ಕಟ್ಟಡ ಅವರದು. ಹಾಗಾಗಿ ಫ್ಯಾನಿನ ಗಾಳಿಯೂ ಅವರದು, ಮಾತ್ರೆ ಕೊಡುವ ವನಜಾಕ್ಷಿಯೂ ತಮ್ಮ ತೆಂಗಿನ ತೋಟದ ಆಳೇ ಎಂದು ಅವರ ಲೆಕ್ಕ.

ವನಜಾಕ್ಷಿ ಎಲ್ಲವನ್ನೂ ನುಂಗಿಕೊಂಡಿದ್ದಳು. ಬಾಯಿ ಸುಮ್ಮನಿರದೆ ತುಮಕೂರಿನ ಸದಾಶಿವನಗರದಲ್ಲಿ ಆಗಲೇ ಒಂದು ಕೆಲಸ ಕಳೆದುಕೊಂಡವಳು. ಗಂಡ ರಂಗನಾಥ್, ಕೆಲಸಕ್ಕಿದ್ದ ಫ್ಯಾಕ್ಟರಿ ಮುಚ್ಚಿಹೋಗಿ ಮನೆಯಲ್ಲಿ ಕೂತಿದ್ದ. ಅವಳ ಸಂಬಳವೇ ಗತಿ. "ಬಿಲ್ಡಿಂಗ್ ಯಜಮಾನ್ರು ಇನ್ನೊಂದ್ಸಲ ಕಂಪ್ಲೇಂಟ್ ಹೇಳಿದ್ರೆ ನೀನು ಮನೇಲೇ ಇರು" ಎಂದು ಅಂಗಡಿ ಮಾಲೀಕ ಕೃಷ್ಣಕುಮಾರ್ ಬೇರೆ ಎಚ್ಚರಿಸಿದ್ದ.

ಆ ಸೋಮವಾರ ಯಜಮಾನರು ಸೊಂಟ ಹಿಡಿದುಕೊಂಡು ಸೀದಾ ಕೌಂಟರಿನೊಳಕ್ಕೇ ನುಗ್ಗಿದರು.

"ಒಂದು ಸೂಜಿ ಹಾಕ್ಬುಡಮ್ಮಿ. ಕುಣಿಗಲ್‌ಗೆ ಬೀಗರೂಟಕ್ಕೆ ಹೋಗ್ಬೇಕು."

"ಇಲ್ಲಿ ಸೂಜಿ ಹಾಕಲ್ಲ ಯಜಮಾನ್ರೇ. ಎದುರುಗಡೆ ಸರ್ಕಾರಿ ಆಸ್ಪತ್ರೆ ಐತಲ್ಲ, ಡಾಕ್ಟ್ರು ನೋಡಿ ಹಾಕ್ತಾರೆ."

"ಅಲ್ಲಿ ಕ್ಯೂ ನಿಂತ್ಕೋಬೇಕು. ನಾನ್ಯಾಕ್ ನಿಂತ್ಕೊಳ್ಳಲಿ?"

"ಹಂಗಾದ್ರೆ ಮಾತ್ರೆ ಕೊಡ್ಲಾ?"

ಮಾತ್ರೆಯಂತೆ! ಸೂಜಿ ಚುಚ್ಚದಿದ್ದರೆ ಕಾಯಿಲೆಗೆ ಮರ್ಯಾದೆ ಕೊಟ್ಟಂತಾಗಲಿಲ್ಲ ಎನ್ನುವ ಪೈಕಿ ಅವರು. ತಕ್ಷಣ ಫೋನ್ ಮಾಡಿದರು. ಪಕ್ಕದ ಹೋಟೆಲಿನಿಂದ ಕೃಷ್ಣಕುಮಾರ್ ಎಂಜಲು ಕೈಯಲ್ಲೇ ಓಡಿಬಂದ.

"ಹಾಕ್ಬುಡು ವನಜಾಕ್ಷಿ. ಇಲ್ಲಾಂದ್ರೆ ಬ್ಯಾಗ್ ತಗೊಂಡು ಹೊರಡು."

ವನಜಾಕ್ಷಿಗೆ ರಂಗನಾಥನ ಮುಖ ಕಣ್ಣಮುಂದೆ ಬಂತು. ಮನೆಗೆ ಹೋಗಿ ಏನು ಹೇಳುವುದು? ಆದರೆ ಹೆದರಿಕೆಗಿಂತ ಸಿಟ್ಟೇ ಒಂದು ಕೈ ಮೇಲಾಯಿತು. ಸಿರಿಂಜ್ ತೆಗೆದು ಮಾಲೀಕನ ಕೈಗಿಟ್ಟಳು.

"ಹೊರಟೆ ಸಾರ್. ನೀವೇ ಹಾಕಿ."

ಅಷ್ಟರಲ್ಲಿ ಯಜಮಾನರು ಗೋಡೆ ಕಡೆ ತಿರುಗಿ, ರ‍್ಯಾಕ್ ಹಿಡಿದುಕೊಂಡು, ಪಂಚೆ ಇಳಿಸಿಯೇಬಿಟ್ಟಿದ್ದರು. ಇಡೀ ಕ್ಯೂ ಕತ್ತು ಉದ್ದ ಮಾಡಿತು.

"ಅಯ್ಯೋ ಶಿವನೇ!" ಎಂದಳು ಹಾಗಲವಾಡಿಯಿಂದ ಬಂದಿದ್ದ ಮುದುಕಿ ನಿಂಗಮ್ಮ. "ದೊಡ್ಡೋರು ದೊಡ್ಡೋರು ಅಂತಿದ್ರು, ನಿಜ ಕಣವ್ವ."

ಕೃಷ್ಣಕುಮಾರ್ ಸಿರಿಂಜನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದ. ಯಜಮಾನರು ಕತ್ತು ಹೊರಳಿಸಿ ನೋಡಿದರು.

"ನಿಂಗ್ ಬರ್ತದೇನ್ಲಾ?"

"ಒಂದ್ಸಲ ಕುರಿಗೆ ಹಾಕಿದ್ದೆ ಯಜಮಾನ್ರೇ."

"ಕುರಿ ಹೆಂಗದೆ?"

"ಅದು... ಉಳೀಲಿಲ್ಲ."

ಸೊಂಟ ನೋವು ಎಲ್ಲಿ ಹೋಯಿತೋ! ಯಜಮಾನರು ಪಂಚೆ ಎತ್ತಿಕಟ್ಟಿ ರಸ್ತೆ ದಾಟಿ, ಆಸ್ಪತ್ರೆ ಮುಂದೆ ಕಟ್ಟಕಡೆಯವರಾಗಿ ನಿಂತರು.

ವನಜಾಕ್ಷಿ ಬ್ಯಾಗ್ ಹೆಗಲಿಗೇರಿಸಿ ಹೊರಗೆ ಕಾಲಿಟ್ಟಳು. ಕೃಷ್ಣಕುಮಾರ್ ಕೆಮ್ಮಿ, ಸಾವರಿಸಿಕೊಂಡು, ನಿಂಗಮ್ಮನ ಚೀಟಿಗೆ ಕೈ ಚಾಚಿದ. ಮುದುಕಿ ಚೀಟಿಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಳು.

"ನೀನು ಮುಟ್ಬೇಡ ಕಣಪ್ಪ. ಆ ಹುಡ್ಗಿ ಬಂದ್ರೆ ತಗೋತೀನಿ, ಇಲ್ಲಾಂದ್ರೆ ಬ್ಯಾರೆ ಅಂಗ್ಡಿ ನೋಡ್ಕೋತೀನಿ."

ಹಿಂದಿದ್ದವರ ಚೀಟಿಗಳೂ ಒಂದೊಂದಾಗಿ ಜೇಬು ಸೇರಿದವು. ಕೃಷ್ಣಕುಮಾರ್ ಬೀದಿಗೇ ಓಡಿಹೋಗಿ ವನಜಾಕ್ಷಿಯ ಬ್ಯಾಗ್ ಇಸಿದುಕೊಂಡ. "ಬಾರಮ್ಮ, ಸಿಟ್ಟಲ್ಲಿ ಏನೋ ಅಂದ್ಬುಟ್ಟೆ."

ಅವಳು ವಾಪಸ್ ಬಂದು ಕೌಂಟರ್ ಹಿಂದೆ ನಿಂತಳು. ಅವನೂ ಬ್ಯಾಗ್ ಹಿಡಿದುಕೊಂಡು ಹಿಂದೆಯೇ ನುಸುಳಿದ.

"ಮೊದ್ಲು ಕೈ ತೊಳ್ಕೊಂಡ್ ಬನ್ನಿ ಸಾರ್" ಎಂದಳು ವನಜಾಕ್ಷಿ.

ಅವನು ಬ್ಯಾಗನ್ನು ಕೌಂಟರಿನ ಮೇಲಿಟ್ಟು ತೊಳೆಯಲು ಹೋದ.